ಸ್ನೇಕ್ ಪ್ಲಾಂಟ್: ಒಂದು ಕುಂಡದಿಂದ ಹತ್ತು ಕುಂಡ ಮಾಡುವ ಬಗೆ

ನಾದಿನಿಯ ಗೃಹಪ್ರವೇಶಕ್ಕೆ ಇನ್ನೂ ಎಂಟು ತಿಂಗಳಿದೆ ಅನ್ನುವಾಗ ನನಗೊಂದು ಯೋಚನೆ ಹೊಳೆಯಿತು. ಬಾಲ್ಕನಿಯಲ್ಲಿ ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಸೊಂಟದೆತ್ತರ ಬೆಳೆದು ನಿಂತಿತ್ತು. ಅದರ ಎರಡು ಎಲೆ ಕೊಯ್ದು, ತುಂಡು ಮಾಡಿ ನೆಟ್ಟು, ಬಂದವರಿಗೆ ತಾಂಬೂಲದ ಜೊತೆ ಒಂದೊಂದು ಪುಟ್ಟ ಗಿಡ ಕೊಡೋಣ ಅಂತ. ಹನ್ನೆರಡು ತುಂಡು ನೆಟ್ಟೆ. ಮೂರು ಕೊಳೆತವು, ಒಂಬತ್ತು ಬೇರು ಬಿಟ್ಟವು. ಐದನೇ ತಿಂಗಳಲ್ಲಿ ಮಣ್ಣು ಸೀಳಿಕೊಂಡು ಮರಿಗಳು ತಲೆ ಎತ್ತಿದವು. ಒಂದಕ್ಕೂ ಹಳದಿ ಅಂಚಿಲ್ಲ! ಒಂಬತ್ತಕ್ಕೆ ಒಂಬತ್ತೂ ಅಚ್ಚ ಹಸಿರು. ನಮ್ಮತ್ತೆ ಬಂದು ನೋಡಿ, "ಇದೇನೇ ಇದು, ತಾಯಿದೊಂದು ಬಣ್ಣ, ಮಕ್ಕಳದೊಂದು ಬಣ್ಣ" ಅಂದರು. ಈ ಗಿಡಕ್ಕೆ ಇಂಗ್ಲಿಷರು 'ಅತ್ತೆಯ ನಾಲಿಗೆ' ಅಂತಲೂ ಹೆಸರಿಟ್ಟಿದ್ದಾರೆ ಅನ್ನುವುದನ್ನು ಅವರಿಗೆ ಇವತ್ತಿನವರೆಗೂ ಹೇಳಿಲ್ಲ.

ಹಾಗಾಗಿ ಚಾಕು ಕೈಗೆತ್ತಿಕೊಳ್ಳುವ ಮೊದಲು ನಿಮ್ಮ ಮನೆಯಲ್ಲಿರುವುದು ಯಾವ ಬಗೆಯದು ಅಂತ ನೋಡಿಕೊಳ್ಳಿ.

ಯಾವ ಗಿಡಕ್ಕೆ ಯಾವ ವಿಧಾನ

ಹಳದಿ ಅಂಚಿನ ಬಗೆಯಲ್ಲಿ ಒಂದೇ ಎಲೆಯೊಳಗೆ ಎರಡು ಜಾತಿಯ ಜೀವಕೋಶಗಳಿರುತ್ತವೆ. ನಡುವಿನವು ಹಸಿರು ಇರುವವು, ಅಂಚಿನವು ಹಸಿರು ಇಲ್ಲದವು. ಎಲೆಯ ತುಂಡಿನಿಂದ ಹೊಸ ಮೊಳಕೆ ಹುಟ್ಟುವಾಗ ಒಳಗಿನ ಹಸಿರು ಕೋಶಗಳಿಂದ ಹುಟ್ಟುತ್ತದೆ. ಅಂಚಿನ ಪಾಲು ಅದಕ್ಕೆ ದಕ್ಕುವುದಿಲ್ಲ. ಗೆಡ್ಡೆಯಿಂದ ಹೊರಡುವ ಮರಿಯ ಕುಡಿಯಲ್ಲಿ ಮಾತ್ರ ಎರಡೂ ಬಗೆಯ ಕೋಶ ಇರುತ್ತವೆ. ಆದ್ದರಿಂದ ಹಳದಿ ಅಂಚಿನದಕ್ಕೂ, 'ಹಾನಿ' (Hahnii) ಅನ್ನುವ ಹೆಸರಿನ ಅಂಗೈಯಗಲದ ಕುಳ್ಳ ಜಾತಿಯಲ್ಲಿ ಬಂಗಾರದ ಪಟ್ಟೆ ಇರುವುದಕ್ಕೂ ಬುಡ ಬಿಡಿಸಿ ನೆಡುವುದೊಂದೇ ದಾರಿ. ಹಸಿರು ಮೈಮೇಲೆ ಬೂದು ಅಡ್ಡಪಟ್ಟೆ ಇರುವ ಸಾದಾ ಗಿಡ, ಸಾದಾ ಕುಳ್ಳ ಹಾನಿ, ಕೋಲಿನಂತೆ ದುಂಡಗೆ ಬೆಳೆಯುವ ಬಗೆ ಇವೆಲ್ಲ ಎಲೆ ತುಂಡಿನಿಂದಲೂ ತಾಯಿಯ ಹಾಗೇ ಬರುತ್ತವೆ.

ಇನ್ನೊಂದು ಲೆಕ್ಕ. ಬೇಗ ಬೇಕು, ಎರಡು ಮೂರು ಗಿಡ ಸಾಕು ಅಂದರೆ ಬುಡ ಬಿಡಿಸಿ. ಅವತ್ತಿಗವತ್ತೇ ಗಿಡ ಸಿಗುತ್ತದೆ. ಒಂದೇ ಎಲೆಯಿಂದ ಐದಾರು ಗಿಡ ಬೇಕು, ಆರು ತಿಂಗಳು ಕಾಯುತ್ತೇನೆ ಅಂದರೆ ಎಲೆ ತುಂಡು. ನೀರಿನಲ್ಲಿಡುವುದು ಬೇರು ಕಣ್ಣಿಗೆ ಕಾಣಬೇಕು ಅನ್ನುವವರಿಗೆ. ಮಕ್ಕಳಿರುವ ಮನೆಯಲ್ಲಿ ಅದರದೇ ಒಂದು ಮಜ.

ಕಾಲ

ಬೆಂಗಳೂರು, ಮೈಸೂರು, ತುಮಕೂರಿನ ಕಡೆಯವರು ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟ ಮೇಲೆ ಶುರು ಮಾಡಿ. ಪಶ್ಚಿಮ ಆಫ್ರಿಕಾದ ಬಿಸಿ ನಾಡಿನ ಗಿಡ ಇದು. 20ರಿಂದ 30 ಡಿಗ್ರಿ ಇದ್ದರೆ ಬೇರು ಚುರುಕಾಗಿ ಬಿಡುತ್ತದೆ. ಡಿಸೆಂಬರ್‌ನಲ್ಲಿ ನೆಟ್ಟ ತುಂಡು ಸಾಯುವುದಿಲ್ಲ, ಆದರೆ ಕದಲುವುದೂ ಇಲ್ಲ. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಆಗಸ್ಟ್‌ವರೆಗೆ ಎಲೆ ತುಂಡಿನ ಕೆಲಸಕ್ಕೆ ಕೈ ಹಾಕಬೇಡಿ. ಆ ತೇವಕ್ಕೆ ಗಾಯ ಒಣಗುವುದೇ ಇಲ್ಲ. ದಸರಾ ಹೊತ್ತಿಗೆ ಮಾಡಿ. ಕಲಬುರಗಿ, ರಾಯಚೂರಿನ ಏಪ್ರಿಲ್-ಮೇ ಬಿಸಿಲಿಗೆ ಬಾಲ್ಕನಿಯ ಕುಂಡವೇ ಕಾದ ಹಂಚಾಗಿಬಿಡುತ್ತದೆ. ಅಲ್ಲಿಯವರಿಗೆ ಫೆಬ್ರವರಿ, ಇಲ್ಲವೇ ಮಳೆ ಬಿದ್ದು ತಂಪಾದ ಮೇಲೆ ಸರಿ.

ಮಣ್ಣಿನದೇ ದೊಡ್ಡ ವಿಷಯ

ಈ ಗಿಡ ಸಾಯುವುದು ಹೆಚ್ಚಾಗಿ ನೀರಿನಿಂದ. ನೀರನ್ನು ಹಿಡಿದಿಟ್ಟುಕೊಳ್ಳುವ ಮಣ್ಣು ಅದಕ್ಕೆ ಜೊತೆಗಾರ. ನರ್ಸರಿಯಿಂದ ಬರುವಾಗ ಇರುವ ಅಂಟು ಕೆಂಪು ಮಣ್ಣನ್ನಾಗಲಿ, ಉತ್ತರ ಕರ್ನಾಟಕದ ಎರೆ ಮಣ್ಣನ್ನಾಗಲಿ ಹಾಗೇ ಬಳಸಬೇಡಿ.

ಎಲೆ ತುಂಡಿಗೆ ನಾನು ಹಾಕುವುದು ಎರಡು ಪಾಲು ದಪ್ಪ ಮರಳು, ಒಂದು ಪಾಲು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಅಷ್ಟೇ. ಬೇರೇ ಇಲ್ಲದ ತುಂಡಿಗೆ ಗೊಬ್ಬರ ಹಾಕಿ ಏನು ಪ್ರಯೋಜನ? ಹಸಿ ಗೊಬ್ಬರವಾದರೆ ಕೊಳೆಯುವುದಕ್ಕೆ ಕುಮ್ಮಕ್ಕು ಬೇರೆ. ಬೇರಿರುವ ಗಿಡ ಬಿಡಿಸಿ ನೆಡುವಾಗ ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ದಪ್ಪ ಮರಳು, ಒಂದು ಪಾಲು ಕೋಕೋಪೀಟ್, ಒಂದು ಪಾಲು ಎರೆಹುಳು ಗೊಬ್ಬರ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಸುಟ್ಟ ಭತ್ತದ ಹೊಟ್ಟು ಸಿಕ್ಕರೆ ಮರಳಿನಲ್ಲಿ ಅರ್ಧ ಕಡಿಮೆ ಮಾಡಿ ಅದನ್ನೇ ಸೇರಿಸಿ, ಕುಂಡವೂ ಹಗುರ.

ಈಗ ಮರಳು ಅಂದರೆ ಎಲ್ಲೆಲ್ಲೂ ಎಂ ಸ್ಯಾಂಡ್. ಪಕ್ಕದ ಕಟ್ಟಡದ ಕೆಲಸದವರನ್ನು ಕೇಳಿದರೆ ಒಂದು ಬಾಂಡ್ಲಿ ಕೊಡುತ್ತಾರೆ. ಆದರೆ ಅದರಲ್ಲಿ ಕಲ್ಲಿನ ನುಣ್ಣನೆ ಪುಡಿ ಇರುತ್ತದೆ. ನೀರು ಬಿದ್ದ ಮೇಲೆ ಅದು ಸಿಮೆಂಟಿನ ಹಾಗೆ ಕೂತುಬಿಡುತ್ತದೆ. ಜರಡಿ ಹಿಡಿದು ಪುಡಿ ಉದುರಿಸಿ, ಮೇಲುಳಿದ ರವೆಯಂಥ ಕಾಳನ್ನು ಬಕೆಟ್ಟಿನಲ್ಲಿ ಎರಡು ಸಲ ತೊಳೆಯಿರಿ. ಇದನ್ನು ಮಾಡದೆ ಒಂದು ಸಲ ಇಡೀ ತಟ್ಟೆಯ ತುಂಡುಗಳನ್ನು ಕಳೆದುಕೊಂಡಿದ್ದೇನೆ.

ಬೆರೆಸಿದ್ದು ಸರಿಯಾಗಿದೆಯೇ ಅಂತ ನೋಡಲು ಕುಂಡಕ್ಕೆ ತುಂಬಿ ಒಂದು ಲೋಟ ನೀರು ಹುಯ್ಯಿರಿ. ನೀರು ಮೇಲೆ ನಿಂತು ಯೋಚಿಸುತ್ತಾ ಕೂತರೆ ಇನ್ನಷ್ಟು ಮರಳು ಬೇಕು. ಹತ್ತೆಣಿಸುವುದರೊಳಗೆ ಕೆಳಗಿನ ತೂತಿನಿಂದ ಇಳಿಯಲು ಶುರುವಾಗಬೇಕು. ಕುಂಡದ ತಳದಲ್ಲಿ ಜಲ್ಲಿ ಹಾಸಿದರೆ ನೀರು ಬಸಿಯುತ್ತದೆ ಅನ್ನುವ ನಂಬಿಕೆ ಇದೆಯಲ್ಲ, ಅದನ್ನು ಬಿಟ್ಟುಬಿಡಿ. ಮೇಲಿನ ಮಣ್ಣು ಪೂರ್ತಿ ನೆನೆದು ತೊಟ್ಟಿಕ್ಕುವವರೆಗೂ ನೀರು ಜಲ್ಲಿಗೆ ಇಳಿಯುವುದಿಲ್ಲ. ಬೇರಿಗೆ ಜಾಗ ಕಡಿಮೆಯಾಗುವುದಷ್ಟೇ ಲಾಭ. ತೂತಿನ ಮೇಲೆ ಒಂದು ಹೆಂಚಿನ ಚೂರು ಮುಚ್ಚಿದರೆ ಸಾಕು.

ಬುಡ ಬಿಡಿಸಿ ನೆಡುವುದು

ಮಣ್ಣಿನೊಳಗೆ ಈ ಗಿಡಕ್ಕೆ ಶುಂಠಿ ಕೊಂಬಿನಂಥ ಅಡ್ಡ ಗೆಡ್ಡೆ ಇರುತ್ತದೆ, ಹೆಬ್ಬೆರಳು ಗಾತ್ರ, ಕಿತ್ತಳೆ ಮಿಶ್ರಿತ ಬಿಳಿ ಬಣ್ಣ. ಅದರ ತುದಿಯಿಂದ ಬಾಳೆಯ ಕಂದಿನ ಹಾಗೆ ಮರಿಗಳು ಏಳುತ್ತವೆ. ಪ್ಲಾಸ್ಟಿಕ್ ಕುಂಡ ಒಂದು ಪಕ್ಕಕ್ಕೆ ಉಬ್ಬಿದೆ ಅಂದರೆ ಗೆಡ್ಡೆ ಒಳಗಿನಿಂದ ಒದೆಯುತ್ತಿದೆ ಅಂತಲೇ ಅರ್ಥ. ಕುಂಡ ಸೀಳಿ ಹೊರಬರುವುದೂ ಉಂಟು.

ಮರಿ ಕನಿಷ್ಠ ಒಂದು ಗೇಣು ಎತ್ತರವಾಗಿ, ಎರಡು ಮೂರು ಎಲೆ ಬಿಟ್ಟಿರಬೇಕು. ಅದಕ್ಕಿಂತ ಚಿಕ್ಕದಕ್ಕೆ ತನ್ನದೇ ಬೇರು ಸರಿಯಾಗಿ ಇರುವುದಿಲ್ಲ, ತಾಯಿಯ ಗೆಡ್ಡೆಯಿಂದಲೇ ಉಣ್ಣುತ್ತಿರುತ್ತದೆ.

ಕೆಲಸಕ್ಕೆ ಮೂರು ನಾಲ್ಕು ದಿನ ಮುಂಚೆ ನೀರು ನಿಲ್ಲಿಸಿ. ಒಣ ಮಣ್ಣು ಸಲೀಸಾಗಿ ಉದುರುತ್ತದೆ. ಹಳೇ ಪೇಪರ್ ಹಾಸಿ, ಕುಂಡವನ್ನು ಅಡ್ಡ ಮಲಗಿಸಿ, ಸುತ್ತ ತಟ್ಟಿ, ಬುಡ ಹಿಡಿದು ಎಳೆಯಿರಿ. ಎಲೆ ಹಿಡಿದು ಎಳೆಯಬೇಡಿ, ಕಿತ್ತು ಕೈಗೆ ಬರುತ್ತದೆ. ಬರಲೊಲ್ಲದು ಅಂದರೆ ಪ್ಲಾಸ್ಟಿಕ್ ಕುಂಡ ಕತ್ತರಿಸಿಬಿಡಿ; ನಲವತ್ತು ರೂಪಾಯಿ ಕುಂಡಕ್ಕೆ ಗಿಡ ಬಲಿ ಕೊಡುವುದು ಬೇಡ.

ಮಣ್ಣು ಉದುರಿಸಿದ ಮೇಲೆ ಯಾವ ಮರಿ ಯಾವ ಗೆಡ್ಡೆಗೆ ಅಂಟಿದೆ ಅಂತ ಕಾಣುತ್ತದೆ. ತಾಯಿಗೂ ಮರಿಗೂ ನಡುವಿನ ಗೆಡ್ಡೆಯನ್ನು ಮರಿಯ ಕಡೆಗೆ ಎರಡು ಬೆರಳು ಉಳಿಯುವಂತೆ ಒಂದೇ ಏಟಿಗೆ ಕತ್ತರಿಸಿ. ಚಾಕುವನ್ನು ಮೊದಲೇ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿಕೊಂಡಿರಿ. ಕತ್ತರಿಸಿದ ಜಾಗಕ್ಕೆ ನಮ್ಮಲ್ಲಿ ಅರಿಶಿನ ಮೆತ್ತುವುದು ರೂಢಿ. ಮೆತ್ತಿ, ಬೇಡ ಅನ್ನುವುದಿಲ್ಲ, ಆದರೆ ಗಾಯವನ್ನು ನಿಜಕ್ಕೂ ಕಾಯುವುದು ಒಣಗಾಳಿ. ಒಂದೆರಡು ದಿನ ನೆರಳಲ್ಲಿ ಹಾಗೇ ಬಿಡಿ. ಬೇರಿರುವ ಗಿಡವನ್ನು ಹೊರಗಿಟ್ಟರೆ ಸತ್ತುಹೋಗುತ್ತೇನೋ ಅಂತ ಜೀವ ಹೊಡೆದುಕೊಳ್ಳುತ್ತದೆ, ಗೊತ್ತು. ಇದು ದಾಸವಾಳ ಅಲ್ಲ, ಏನೂ ಆಗುವುದಿಲ್ಲ.

ನೆಡುವ ಕುಂಡ ಬೇರಿನ ಗುಂಪಿಗಿಂತ ಎರಡು ಬೆರಳಷ್ಟೇ ಅಗಲ ಇರಲಿ, ಮಣ್ಣಿನ ಕುಂಡವಾದರೆ ಇನ್ನೂ ಒಳ್ಳೆಯದು. ಗೆಡ್ಡೆ ಮಣ್ಣಿನಿಂದ ಒಂದು ಬೆರಳು ಕೆಳಗಿದ್ದರೆ ಸಾಕು, ಆಳಕ್ಕೆ ಹೂಳಬೇಡಿ. ನೆಟ್ಟ ಮೇಲೆ ಐದಾರು ದಿನ ನೀರು ಹಾಕಬಾರದು. ಆಮೇಲೆ ಒಂದು ಸಲ ಚೆನ್ನಾಗಿ ಹಾಕಿ, ಮಣ್ಣು ಒಣಗುವವರೆಗೂ ಆ ಕಡೆ ತಿರುಗಿ ನೋಡಬೇಡಿ.

ಎಲೆ ತುಂಡು ಮಣ್ಣಿನಲ್ಲಿ

ಗಟ್ಟಿಯಾದ, ಕಲೆಯಿಲ್ಲದ, ಬಲಿತ ಎಲೆ ಆರಿಸಿ. ಹೊರಸುತ್ತಿನದು ಒಳ್ಳೆಯದು. ಮಣ್ಣಿನ ಮಟ್ಟದಲ್ಲಿ ಕೊಯ್ಯಿರಿ. ಚಾಕು ಹರಿತವಿಲ್ಲದಿದ್ದರೆ ಕತ್ತರಿಸಿದ ಅಂಚಿನಲ್ಲಿ ನಾರು ನೇತಾಡುತ್ತದೆ. ಆ ನಾರನ್ನು ಒಂದು ಸಲ ಎಳೆದು ನೋಡಿ, ಎಷ್ಟು ಗಟ್ಟಿ ಅಂತ ತಿಳಿಯುತ್ತದೆ. ಈ ಗಿಡದ ನಮ್ಮ ನೆಲದ ಬಂಧು ಒಂದಿದೆ, ದಕ್ಷಿಣ ಭಾರತದ ಒಣ ಭಾಗಗಳಲ್ಲಿ ತಾನಾಗಿ ಬೆಳೆಯುವುದು. ಅದರ ನಾರಿನಿಂದ ಬಿಲ್ಲಿನ ಹೆದೆ ಹೊಸೆಯುತ್ತಿದ್ದರು. ಸಂಸ್ಕೃತದ ಮೂರ್ವಾ ಇದೇ ಅಂತ ಅನೇಕರು ಗುರುತಿಸುತ್ತಾರೆ. ಹೆದೆಗೆ ಮೌರ್ವಿ ಅನ್ನುವ ಹೆಸರು ಬಂದದ್ದು ಮೂರ್ವಾದಿಂದಲೇ. ಬಿಲ್ಲಿಗೆ ಕಟ್ಟುವಂಥ ನಾರನ್ನು ತರಕಾರಿ ಚಾಕುವಿನಿಂದ ಜಜ್ಜಿದರೆ ಗಾಯ ಮಾಗುವುದಿಲ್ಲ. ಹೊಸ ಬ್ಲೇಡ್ ತೆಗೆದುಕೊಳ್ಳಿ.

1. ಎಲೆಯನ್ನು ನಾಲ್ಕು ಬೆರಳು ಅಗಲದ, ಅಂದರೆ 7-8 ಸೆಂಟಿಮೀಟರ್ ತುಂಡುಗಳನ್ನಾಗಿ ಕತ್ತರಿಸಿ. ಅರ್ಧ ಮೀಟರ್ ಎಲೆಯಲ್ಲಿ ಆರು ತುಂಡು ಬರುತ್ತದೆ.

2. ಕತ್ತರಿಸುತ್ತಿರುವಾಗಲೇ ಯಾವುದು ಕೆಳಗಡೆ ಅಂತ ಗುರುತು ಮಾಡಿ. ಎಲ್ಲ ತಪ್ಪೂ ಆಗುವುದು ಇಲ್ಲೇ. ಬುಡದ ಕಡೆಯ ಅಂಚಿನಿಂದ ಮಾತ್ರ ಬೇರು ಬರುತ್ತದೆ. ತಲೆಕೆಳಗಾಗಿ ನೆಟ್ಟರೆ ತಿಂಗಳುಗಟ್ಟಲೆ ಹಸಿರಾಗಿ ನಿಂತು ನಿಮಗೆ ಆಸೆ ತೋರಿಸುತ್ತದೆಯೇ ಹೊರತು ಬೇರು ಬಿಡುವುದಿಲ್ಲ. ನೋಡಲು ಎರಡು ಕಡೆಯೂ ಒಂದೇ ಥರ. ನಾನು ಕೆಳ ಅಂಚನ್ನು ತಲೆಕೆಳಗಾದ 'ವಿ' ಆಕಾರದಲ್ಲಿ ಕತ್ತರಿಸುತ್ತೇನೆ, ಎರಡು ಕಾಲು ಇಟ್ಟು ನಿಂತ ಹಾಗೆ. ಗುರುತೂ ಆಯಿತು, ಬೇರು ಬರಲು ಅಂಚೂ ಜಾಸ್ತಿ ಸಿಕ್ಕಿತು. ಇಲ್ಲವಾದರೆ ಸ್ಕೆಚ್ ಪೆನ್ನಿನಲ್ಲಿ ಮೇಲ್ಮುಖ ಬಾಣ ಬರೆದರೂ ನಡೆಯುತ್ತದೆ.

3. ತುಂಡುಗಳನ್ನು ಮೊರದಲ್ಲಿ ಹರಡಿ ಫ್ಯಾನ್ ಗಾಳಿ ಸುಳಿಯುವ, ಬಿಸಿಲು ಬೀಳದ ಕಡೆ ಇಡಿ. ಬೆಂಗಳೂರಿನ ಒಣ ಹವೆಗೆ ಮೂರು ದಿನ ಸಾಕು. ಮಂಗಳೂರಿಗೆ ಐದು ದಿನವಾದರೂ ಬೇಕು. ಆಗಿದೆಯೋ ಇಲ್ಲವೋ ಬೆರಳಿಗೆ ಗೊತ್ತಾಗುತ್ತದೆ: ಕೊಯ್ದ ಅಂಚು ಮೊದಲು ಜಿಗುಟಾಗಿರುತ್ತದೆ, ಆಮೇಲೆ ಹಪ್ಪಳದ ಹಾಗೆ ಒರಟಾಗಿ, ಮಾಸಲು ಬಿಳಿಯ ಪೊರೆ ಕಟ್ಟುತ್ತದೆ. ಆ ಪೊರೆಯೇ ಕೊಳೆತಕ್ಕೆ ತಡೆಗೋಡೆ.

4. ಮರಳು-ಕೋಕೋಪೀಟ್ ಮಿಶ್ರಣವನ್ನು ಮೊದಲೇ ಸ್ವಲ್ಪ ತೇವ ಮಾಡಿಟ್ಟುಕೊಳ್ಳಿ. ಹಿಡಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು. ತುಂಡಿನ ಮೂರನೇ ಒಂದು ಭಾಗ ಹೂತು ನಿಲ್ಲಿಸಿ. ಬೇರು ಬರಿಸುವ ಹಾರ್ಮೋನ್ ಪುಡಿ ಮನೆಯಲ್ಲಿದ್ದರೆ ಅದ್ದಿ, ಇಲ್ಲದಿದ್ದರೆ ಅದಕ್ಕೋಸ್ಕರ ಅಂಗಡಿಗೆ ಓಡಬೇಡಿ.

5. ಬೆಳಕಿರಬೇಕು, ನೆತ್ತಿ ಬಿಸಿಲು ಬೇಡ. ಪೂರ್ವದ ಕಿಟಕಿ ಹೇಳಿ ಮಾಡಿಸಿದ್ದು. 'ಕತ್ತಲೆ ಮೂಲೆಯಲ್ಲೂ ಬೆಳೆಯುತ್ತದೆ' ಅಂತ ಮಾರುವಾಗ ಹೇಳುತ್ತಾರೆ. ಕತ್ತಲೆಯಲ್ಲಿ ಇದು ಜೀವ ಹಿಡಿದುಕೊಂಡಿರುತ್ತದೆ ಅಷ್ಟೆ, ಮರಿ ಹಾಕುವುದಿಲ್ಲ.

6. ನೀರು ಹತ್ತು ಹನ್ನೆರಡು ದಿನಕ್ಕೊಮ್ಮೆ, ಬೆರಳು ಎರಡು ಗೆಣ್ಣು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ. ಪ್ಲಾಸ್ಟಿಕ್ ಕವರ್ ಮುಚ್ಚಿ ತೇವ ಕಾಪಾಡುವ ಉಪಾಯ ಬೇರೆ ಗಿಡಗಳಿಗೆ. ಇದಕ್ಕೆ ಮಾಡಿದರೆ ವಾರದಲ್ಲಿ ಬೂಸಲು.

ಇನ್ನು ಕಾಯುವ ಕೆಲಸ. ದೊಡ್ಡಪತ್ರೆ ಕಡ್ಡಿ ಚುಚ್ಚಿ ವಾರದಲ್ಲಿ ಬೇರು ಕಂಡ ಕೈಗೆ ಇದು ಶಿಕ್ಷೆಯೇ ಸರಿ. ಬೇರಿಗೆ ಮೂರರಿಂದ ಎಂಟು ವಾರ. ಮರಿ ಮೇಲೆ ಬರಲು ಮೂರು ತಿಂಗಳಿಂದ ಆರು ತಿಂಗಳು, ಕೆಲವಕ್ಕೆ ಅದಕ್ಕೂ ಹೆಚ್ಚು. ಯಾಕಿಷ್ಟು ತಡ ಅಂದರೆ, ತುಂಡು ಮೊದಲು ಬೇರು ಬಿಡಬೇಕು, ಆಮೇಲೆ ಮಣ್ಣೊಳಗೆ ಹೊಸ ಗೆಡ್ಡೆ ಕಟ್ಟಬೇಕು, ಅದರ ತುದಿಯಿಂದ ಮರಿ ಏಳಬೇಕು. ಅಷ್ಟು ದಿನ ತುಂಡು ತಾನು ಕೂಡಿಟ್ಟ ನೀರಿನಲ್ಲೇ ಬದುಕುತ್ತದೆ. ಎಲೆಯ ಸೂಕ್ಷ್ಮರಂಧ್ರಗಳನ್ನು ಹಗಲು ಮುಚ್ಚಿ ರಾತ್ರಿ ತೆರೆಯುವ ಜಾತಿ ಇದು, ನೀರಿನ ಖರ್ಚು ಬಹಳ ಕಡಿಮೆ. ಹಾಗಾಗಿ ಏನೂ ನಡೆಯುತ್ತಿಲ್ಲ ಅಂತ ಕಿತ್ತು ನೋಡಬೇಡಿ. ನನ್ನ ಕೈ ತುರಿಸಿ ಒಂದನ್ನು ಆರನೇ ವಾರದಲ್ಲಿ ಎಳೆದಿದ್ದೆ. ಎರಡು ಬಿಳಿ ಬೇರು ಬಂದಿದ್ದವು, ಎರಡೂ ಮುರಿದವು. ಮೆಲ್ಲಗೆ ಅಲುಗಿಸಿದಾಗ ತುಂಡು ಬಿಗಿಯಾಗಿ ನಿಂತಿದ್ದರೆ ಬೇರಿದೆ ಅಂತ ತಿಳಿದುಕೊಳ್ಳಿ.

ನೆಟ್ಟ ತುಂಡೇ ಉದ್ದವಾಗಿ ಬೆಳೆಯುತ್ತದೆ ಅಂತ ಕೆಲವರು ಕಾಯುತ್ತಾರೆ. ಬೆಳೆಯುವುದಿಲ್ಲ. ಅದು ಕೊನೆಯವರೆಗೂ ಮೊಂಡು ತಲೆಯ ತುಂಡಾಗಿಯೇ ಇರುತ್ತದೆ. ಹೊಸ ಗಿಡ ಅಂದರೆ ಪಕ್ಕದಲ್ಲಿ ಬರುವ ಮರಿ.

ನೀರಿನಲ್ಲಿ ಇಡುವುದಾದರೆ

ತುಂಡು ಮಾಡುವ, ಒಣಗಿಸುವ ಕ್ರಮ ಎಲ್ಲ ಅದೇ. ಗಾಜಿನ ಲೋಟದಲ್ಲಿ ಬುಡದ ಎರಡು ಬೆರಳು ಮಾತ್ರ ಮುಳುಗುವಷ್ಟು ನೀರು. ಬೋರ್‌ವೆಲ್ ನೀರು ತೀರಾ ಗಡಸಾಗಿದ್ದರೆ ಮಳೆ ನೀರೋ ಫಿಲ್ಟರ್ ನೀರೋ ಬಳಸಿ. ನಾಲ್ಕು ದಿನಕ್ಕೊಮ್ಮೆ ನೀರು ಚೆಲ್ಲಿ, ಲೋಟ ಉಜ್ಜಿ, ಹೊಸ ನೀರು ಹಾಕಲೇಬೇಕು. ಇದನ್ನು ಒತ್ತಿ ಹೇಳುತ್ತಿರುವುದು ಗಿಡಕ್ಕಾಗಿ ಮಾತ್ರ ಅಲ್ಲ. ಡೆಂಗಿ ಸೊಳ್ಳೆ ಇಂಥ ತಿಳಿನೀರಿನಲ್ಲೇ ಮೊಟ್ಟೆ ಇಡುವುದು, ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರ, ಹತ್ತು ದಿನ ಸಾಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಅಧಿಸೂಚಿಸಿ, ಸೊಳ್ಳೆಗೆ ಜಾಗ ಮಾಡಿಕೊಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡ ಗೊತ್ತುಮಾಡಿತು. ಲೋಟದ ಬಾಯಿಗೆ ಹಳೇ ಸೊಳ್ಳೆಪರದೆಯ ತುಂಡು ಕಟ್ಟಿಬಿಡಿ.

ಬೇರು ಹೆಬ್ಬೆರಳುದ್ದ ಆದಾಗ ಮಣ್ಣಿಗೆ ಹಾಕಿ. ತಿಂಗಳುಗಟ್ಟಲೆ ನೀರಲ್ಲೇ ಬಿಟ್ಟರೆ ಬೇರು ನೀರಿಗೇ ಒಗ್ಗಿಹೋಗಿ, ಮಣ್ಣಿಗೆ ಬಂದ ಮೇಲೆ ಕೆಲವು ಕೊಳೆಯುತ್ತವೆ. ನನ್ನನ್ನು ಕೇಳಿದರೆ ಮಣ್ಣೇ ಸರಿ.

ಕೆಟ್ಟರೆ ಗುರುತು ಹೀಗೆ

ತುಂಡಿನ ಬುಡ ಕಂದುಬಣ್ಣಕ್ಕೆ ತಿರುಗಿ, ಒತ್ತಿದರೆ ಮೆತ್ತಗಾಗಿ, ಹುಳಿ ವಾಸನೆ ಬಂದರೆ ಕೊಳೆತ. ಕಂದು ಭಾಗಕ್ಕಿಂತ ಒಂದು ಇಂಚು ಮೇಲೆ ಕತ್ತರಿಸಿ ನೋಡಿ; ಒಳಗೆ ಸೌತೆಕಾಯಿಯಂತೆ ತಿಳಿಹಸಿರಾಗಿದ್ದರೆ ಆ ತುಂಡು ಬದುಕಿದೆ, ಮತ್ತೆ ಒಣಗಿಸಿ ಹೊಸ ಮಿಶ್ರಣದಲ್ಲಿ ನೆಡಿ. ಎಲೆ ಉದ್ದುದ್ದಕ್ಕೆ ಸುಕ್ಕುಗಟ್ಟಿದರೆ ಕೂಡಲೇ ನೀರು ಸುರಿಯಬೇಡಿ. ಮಣ್ಣು ಒಣಗಿದ್ದರೆ ಬಾಯಾರಿಕೆ, ಒದ್ದೆಯಾಗಿದ್ದರೆ ಬೇರು ಕೊಳೆತು ನೀರು ಹೀರಲಾಗುತ್ತಿಲ್ಲ ಅಂತ. ಎರಡಕ್ಕೂ ಒಂದೇ ಸುಕ್ಕು. ಎಲೆಯ ಸಂದಿಯಲ್ಲಿ ಹತ್ತಿಯಂಥ ಬಿಳಿ ಕಂಡರೆ ಹಿಟ್ಟು ತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ.

ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ತುಂಡುಗಳ ತಟ್ಟೆ ಎತ್ತರದಲ್ಲಿರಲಿ. ಎಲೆಯಲ್ಲಿ ಸಪೋನಿನ್ ಅನ್ನುವ ಅಂಶವಿದೆ, ಅಗಿದರೆ ವಾಂತಿ ಭೇದಿ ಆಗುತ್ತದೆ. ಉಳಿದ ಗೆಡ್ಡೆ ಚೂರುಗಳನ್ನು ಕೆರೆ ದಂಡೆಗೋ ಖಾಲಿ ಸೈಟಿಗೋ ಎಸೆಯಬೇಡಿ, ಅಲ್ಲೇ ಬೇರೂರಿಬಿಡುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ, ಅಮೆರಿಕದ ಫ್ಲೋರಿಡಾದಲ್ಲಿ ಇದು ಕಳೆಯಾಗಿ ಕೂತಿದೆ.

ಗಾಳಿ ಶುದ್ಧ ಮಾಡುತ್ತದೆ ಅಂತ ಇದನ್ನು ಉಡುಗೊರೆ ಕೊಡುವವರಿಗೆ ಒಂದು ಮಾತು. ಆ ಕಥೆ ಹರಡಿದ್ದು 1989ರ ನಾಸಾ ಪ್ರಯೋಗದಿಂದ. ಅಲ್ಲಿ ಗಿಡ ಇದ್ದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಯಲ್ಲಿ. ಆಮೇಲೆ ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದವರು, ಕಿಟಕಿ ಬಾಗಿಲಿನ ಗಾಳಿಗೆ ಸಮ ಆಗಬೇಕಾದರೆ ಒಂದು ಚದರ ಮೀಟರ್‌ಗೆ 10ರಿಂದ 1000 ಗಿಡ ಬೇಕು ಅಂದಿದ್ದಾರೆ. ಚಂದಕ್ಕೆ ಕೊಡಿ, ಸಾಕು.

ಮರಿ ಬಂದ ಮೇಲೆ

ಮರಿ ಮೊದಲು ಕಾಣುವುದು ಎಲೆಯ ರೂಪದಲ್ಲಿ ಅಲ್ಲ. ಮಣ್ಣು ಒಂದು ಕಡೆ ಸಣ್ಣಗೆ ಉಬ್ಬಿ ಬಿರುಕು ಬಿಟ್ಟು, ಪೆನ್ಸಿಲ್ ಮೊನೆಯಂಥ ಚೂಪು ತುದಿ ಇಣುಕುತ್ತದೆ. ಅದನ್ನು ಮುಟ್ಟಬೇಡಿ. ಎರಡು ಮೂರು ಎಲೆ ಬಿಚ್ಚಿ, ಅರ್ಧ ಗೇಣು ಆದಮೇಲೆ ಬೇರಿನ ಸಮೇತ ಎತ್ತಿ, ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಪುಟ್ಟ ಕುಂಡಕ್ಕೆ ವರ್ಗಾಯಿಸಿ. ಮೊದಲ ಗೊಬ್ಬರ ಎರಡು ತಿಂಗಳು ಬಿಟ್ಟು, ಒಂದು ಚಮಚ ಎರೆಹುಳು ಗೊಬ್ಬರ.

ಅಷ್ಟು ಹೊತ್ತಿಗೂ ತಾಯಿ ತುಂಡು ಗಟ್ಟಿಯಾಗಿ, ಹಸಿರಾಗಿಯೇ ಇದ್ದರೆ ಬಿಸಾಡಬೇಡಿ. ಮರಿಯಿಂದ ಬಿಡಿಸಿ, ಬುಡದ ಅಂಚನ್ನು ತೆಳ್ಳಗೆ ಸವರಿ, ಮೂರು ದಿನ ಮೊರದಲ್ಲಿ ಒಣಗಿಸಿ ಮತ್ತೆ ಅದೇ ಮರಳಿಗೆ ಚುಚ್ಚಿ. ಗೃಹಪ್ರವೇಶದ ಒಂಬತ್ತರಲ್ಲಿ ನಾಲ್ಕು ತುಂಡು ನನ್ನ ಕಿಟಕಿಯಲ್ಲಿ ಈಗ ಎರಡನೇ ಸಲ ಬೇರು ಬಿಟ್ಟು ನಿಂತಿವೆ.